ಕಜ್ಜಾಯದ ಬಗ್ಗೆ ತೀವ್ರ ಕಳವಳ

ಮೇಷ್ಟ್ರ ಕೆಲಸದಲ್ಲಿ ಇರುವ ದೊಡ್ಡ ಅಪಾಯ ಏನೆಂದರೆ, ನಾವು ಹೇಳಿದ್ದನ್ನು ಯಾರಾದರೂ ನಿಜವಾಗಿಯೂ ಪಾಲಿಸಿಬಿಡುವುದು. ಹುಣಸೂರಿನ ಒಂದು ಕಾಲೇಜಿನಲ್ಲಿ ನಾನು ಪತ್ರಿಕೋದ್ಯಮ ಪಾಠ ಮಾಡುತ್ತೇನೆ. ತಲೆಗೂದಲು ಕಪ್ಪಗಿದ್ದಾಗ ಸೇರಿದವನು, ಈಗ ಯಾವ ಬಣ್ಣದ್ದಾದರೂ ಸರಿ, ಕೂದಲು ಇದ್ದರೆ ಸಾಕು ಎನ್ನುವ ಸ್ಥಿತಿಗೆ ಬಂದಿದ್ದೇನೆ. ಇಷ್ಟು ವರ್ಷ ನನ್ನ ಶಿಷ್ಯಂದಿರು ನನ್ನ ಉಪದೇಶವನ್ನೆಲ್ಲ ಗಂಟೆ ಹೊಡೆದ ಕೂಡಲೇ ಬೆಂಚಿನ ಮೇಲೆಯೇ ಬಿಟ್ಟೆದ್ದು ಬಸ್ ಹಿಡಿಯಲು ಓಡಿ ನನ್ನನ್ನು ಕಾಪಾಡಿಕೊಂಡು ಬಂದಿದ್ದಾರೆ. ಅವರ ಉಪಕಾರ ದೊಡ್ಡದು. ಕಳೆದ ವರ್ಷ ಮಾತ್ರ ಒಬ್ಬ ಹುಡುಗಿ ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದಳು. ಆ ಕಥೆಯನ್ನು ನಗುತ್ತಲೇ ಹೇಳಬೇಕೆಂದುಕೊಂಡಿದ್ದೇನೆ. ಎಲ್ಲಿಯವರೆಗೆ ಆಗುತ್ತದೋ ನೋಡೋಣ.

ನಮ್ಮ ವಿಭಾಗ ಎಂದರೆ ಒಂದೇ ಕೋಣೆ. ಮುಂಚೆ ಅದು ಆಟದ ಸಾಮಾನು ಇಡುವ ಕೋಣೆಯಾಗಿತ್ತು. ಈಗಲೂ ಮಳೆಗಾಲದಲ್ಲಿ ಹಳೇ ಕ್ರಿಕೆಟ್ ಪ್ಯಾಡುಗಳ ವಾಸನೆ ಬರುತ್ತದೆ. ಗೋಡೆಗೆ ಮೊಟ್ಟೆಯ ಟ್ರೇಗಳನ್ನು ಅಂಟಿಸಿ ಅದನ್ನೇ ಸ್ಟುಡಿಯೋ ಮಾಡಿಕೊಂಡಿದ್ದೇವೆ. ಬೇರೆ ವಿಭಾಗದವರು 'ಕೋಳಿ ಫಾರಂ' ಅನ್ನುತ್ತಾರೆ. ಊರಿನವರಿಗೆ ನನ್ನ ಕೆಲಸದ ಬಗ್ಗೆ ಬೇರೆಯೇ ಕಲ್ಪನೆ ಇದೆ. ನಾನು ಮನಸ್ಸು ಮಾಡಿದರೆ ಯಾವ ಸುದ್ದಿಯನ್ನಾದರೂ ನಾಳೆಯ ಪೇಪರಿನಲ್ಲಿ ಹಾಕಿಸಬಲ್ಲೆ ಎಂದು ನಂಬಿ ನಮ್ಮ ಬೀದಿಯ ಚರಂಡಿಯ ವಿಚಾರವನ್ನು ಎಲ್ಲರೂ ನನ್ನ ಹತ್ತಿರವೇ ಹೇಳುತ್ತಾರೆ. ನಾನು ಗಂಭೀರವಾಗಿ ತಲೆ ಆಡಿಸುತ್ತೇನೆ. ಚರಂಡಿ ಹಾಗೆಯೇ ಇದೆ.

ಇಂಥ ನನ್ನ ಶಾಂತ ಜೀವನಕ್ಕೆ ಎಐ ಬಂತು. ಬಂದದ್ದು ಹೇಗೆ ಗೊತ್ತಾಯಿತು ಅಂದರೆ, ಒಂದು ಸಲ ವರದಿ ಬರೆದುಕೊಂಡು ಬನ್ನಿ ಎಂದರೆ ಇಡೀ ತರಗತಿ 'ಇಂದಿನ ವೇಗದ ಜಗತ್ತಿನಲ್ಲಿ' ಎಂದು ಶುರು ಮಾಡಿ 'ಒಟ್ಟಾರೆಯಾಗಿ ಹೇಳುವುದಾದರೆ' ಎಂದು ಮುಗಿಸಿತ್ತು. ಪಿರಿಯಾಪಟ್ಟಣದ ಕಡೆಯ ಹುಡುಗ, ಅವರ ಮನೆಯಲ್ಲೇ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ, ಅವನೂ ಹೊಗೆಸೊಪ್ಪನ್ನು ಜನ್ಮದಲ್ಲೇ ಕಾಣದವನ ಹಾಗೆ ಬರೆದಿದ್ದ. ಕೋಟೆಯಿಂದ, ಅಂದರೆ ಎಚ್.ಡಿ. ಕೋಟೆಯಿಂದ, ದಿನಾ ಓಡಾಡುವ ಇನ್ನೊಬ್ಬ ಅಲ್ಲಿಯ ಬಸ್ ನಿಲ್ದಾಣದ ಮೇಲೆ ವರದಿ ಮಾಡಿದ್ದ. ಅದರಲ್ಲಿ ಪ್ಲಾಟ್‌ಫಾರಂ ಪಕ್ಕದಲ್ಲೇ ಎತ್ತರವಾದ ಕೋಟೆಯ ಗೋಡೆಯೂ, ಅದನ್ನು ನೋಡಿ ಬೆರಗಾಗುವ ಪ್ರವಾಸಿಗರೂ ಇದ್ದರು. ದಿನಾ ಅಲ್ಲೇ ಬಸ್ ಹತ್ತುತ್ತೀಯಲ್ಲ, ಆ ಗೋಡೆ ಎಲ್ಲಿದೆ ಎಂದು ಕೇಳಿದೆ. ಅವನು ಸ್ವಲ್ಪ ಯೋಚಿಸಿ, "ನಾನ್ ನೋಡಿಲ್ಲ ಸಾ. ಅದೇ ಏಳ್ತಾ ಐತಲ್ಲ, ಇರ್ಬೌದು ಅಂದ್ಕಂಡೆ" ಅಂದ. ತನ್ನ ಎರಡು ಕಣ್ಣಿಗಿಂತ ಯಂತ್ರದ ಮಾತಿನ ಮೇಲೆ ಅವನಿಗೆ ಹೆಚ್ಚು ನಂಬಿಕೆ.

ಅದೇ ಸಮಯಕ್ಕೆ ನಮ್ಮ ಪ್ರಾಂಶುಪಾಲರು ಒಂದು ಆಜ್ಞೆ ಹೊರಡಿಸಿದರು. ಕಾಲೇಜನ್ನು ನೋಡಲು ಒಂದು ಸಮಿತಿ ಬರುತ್ತದೆ. ಅಷ್ಟರೊಳಗೆ ಪ್ರತಿಯೊಬ್ಬರೂ ತಮ್ಮ 'ಬೋಧನಾ ತತ್ವ' ಏನೆಂದು ಒಂದು ಪುಟ ಬರೆದುಕೊಡಬೇಕು. ನಾನು ಕಂಗಾಲಾದೆ. ನನಗೊಂದು ತತ್ವ ಇದೆ ಎಂಬ ಅನುಮಾನ ಅಲ್ಲಿಯವರೆಗೆ ಯಾರಿಗೂ ಬಂದಿರಲಿಲ್ಲ. ಹುಡುಗರಿಗೆ ನಾನು ಹೇಳಿಕೊಡುವುದು ಇಷ್ಟೇ: ಹೋಗಿ, ನೋಡಿ, ಕೇಳಿ, ಬಂದು ಬರೆಯಿರಿ. ಇದನ್ನು ಒಂದು ಪುಟಕ್ಕೆ ಹಿಗ್ಗಿಸುವುದು ಹೇಗೆ? ಮನೆಯಲ್ಲಿ ಹೆಂಡತಿಯ ಹತ್ತಿರ ಈ ಕಷ್ಟ ತೋಡಿಕೊಂಡೆ. ಅವಳು ಬೀನ್ಸ್ ನಾರು ಬಿಡಿಸುತ್ತ, "ಮನೇಲಿ ಮೂರು ಸಲ ಹೇಳಿದ್ರೂ ನಿಮ್ಮ ಕಿವಿಗೆ ಬೀಳಲ್ಲ. ಕೇಳಿಸ್ಕೊಳ್ಳೋದು ಹೇಗೆ ಅಂತ ಅಲ್ಲಿ ಪಾಠ ಮಾಡ್ತೀರಿ. ಅದನ್ನೇ ಬರೀರಿ, ತತ್ವ ಅಲ್ಲದೆ ಮತ್ತೇನು" ಅಂದಳು. ಕೊನೆಗೆ ಮೈಸೂರಿನಲ್ಲಿ ನಡೆದ ಒಂದು ಕಾರ್ಯಾಗಾರ ನನ್ನ ಕೈ ಹಿಡಿಯಿತು. 'ಎಐಯ ಜವಾಬ್ದಾರಿಯುತ ಬಳಕೆ' ಎಂಬುದು ಅದರ ವಿಷಯ. ಬಿಸಿಬೇಳೆಬಾತ್ ಚೆನ್ನಾಗಿತ್ತು. ಊಟದ ನಂತರ ಮಾತನಾಡಿದವರು, ಯಾರದಾದರೂ ಧ್ವನಿಯ ಸಣ್ಣ ತುಣುಕು ಸಿಕ್ಕಿದರೂ ಸಾಕು, ಅವರು ಆಡದ ಮಾತನ್ನು ಅವರ ದನಿಯಲ್ಲೇ ಆಡಿಸಬಹುದು ಎಂದು ತೋರಿಸಿ ನಮ್ಮ ನಿದ್ದೆ ಹಾರಿಸಿದರು. ನಾನು ವಾಪಸು ಬಂದವನೇ ವಿಭಾಗಕ್ಕೆ ನಿಯಮ ಬರೆದೆ. ಎಐ ಬಳಸಿದರೆ ಎಲ್ಲಿ, ಯಾವುದಕ್ಕೆ ಎಂದು ವರದಿಯ ಕೆಳಗೆ ಹೇಳಬೇಕು. ಅದು ಕೊಟ್ಟದ್ದನ್ನು ಹೋಗಿ ನೋಡಿ ಖಚಿತ ಮಾಡಿಕೊಳ್ಳಬೇಕು. ಸಂದರ್ಶನ ಕೊಟ್ಟವರ ಧ್ವನಿಮುದ್ರಣವನ್ನು ವರದಿ ಅಚ್ಚಾದ ಕೂಡಲೇ ಎಲ್ಲ ಕಡೆಯಿಂದಲೂ ಅಳಿಸಬೇಕು. ಅದು ಕಳ್ಳರ ಕೈಗೆ ಸಿಗಬಾರದು. ಈ ಕೊನೆಯ ನಿಯಮದ ಬಗ್ಗೆ ನನಗೆ ವಿಶೇಷ ಹೆಮ್ಮೆ. ಅದಕ್ಕೆ ಮಾತ್ರ ಕೆಂಪು ಶಾಯಿ ಬಳಸಿ, ಹಾಳೆಯನ್ನು ವಿಭಾಗದ ಗೋಡೆಗೆ ಅಂಟಿಸಿದೆ. ಪ್ರಾಂಶುಪಾಲರು ಓದಿ, ಇದೇ ನಿಮ್ಮ ತತ್ವ ಕಣ್ರೀ ಎಂದು ಬೆನ್ನು ತಟ್ಟಿದರು. ನನಗೂ ಹೌದೆನ್ನಿಸಿತು. ಸ್ವಲ್ಪ ದಿನ ಕಾರಿಡಾರಿನಲ್ಲಿ ತತ್ವಜ್ಞಾನಿಯ ನಡಿಗೆ ನಡೆದೆ.

ರುಕ್ಸಾನಾ ಆಗ ಕೊನೆಯ ವರ್ಷದಲ್ಲಿದ್ದಳು. ಅವಳ ತಂದೆಗೆ ಪೇಟೆಯಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಇದೆ. ಮನೆಯಲ್ಲಿ ಉರ್ದು ಆಡುವ ಹುಡುಗಿ. ಆದರೆ ಶಾಲೆ ಬಿಟ್ಟ ಮೇಲೆ ಅಂಗಡಿಯಲ್ಲೇ ಕೂತು ಬೆಳೆದವಳು. ಮಗಳ ಮದುವೆಗೆ ಹಾಸಿಗೆ ಮಾಡಿಸಲು ಬರುವ ಹಳ್ಳಿಯ ಹೆಂಗಸರು ಹತ್ತಿ ಹಿಂಜಿ ಮುಗಿಯುವವರೆಗೆ ಅಲ್ಲೇ ಕುಳಿತು ಅತ್ತೆ, ನಾದಿನಿ, ಎಮ್ಮೆ ಎಲ್ಲರ ಸುದ್ದಿಯನ್ನೂ ಆಡುತ್ತಾರಲ್ಲ, ಅವಳ ಕನ್ನಡ ಅಲ್ಲಿಂದ ಬಂದದ್ದು. ಊರಾಚೆಯ ಒಬ್ಬ ಹಿರಿಯರನ್ನು ಮಾತಾಡಿಸಿಕೊಂಡು ಬನ್ನಿ ಎಂದು ನಾನು ಕೆಲಸ ಕೊಟ್ಟಾಗ ಅವಳು ತನ್ನ ತಾಯಿಯನ್ನು ಜೊತೆಗೆ ಕರೆದುಕೊಂಡು ಚುಂಚನಕಟ್ಟೆಗೆ ಹೋದಳು. ಅಲ್ಲಿ ಕೆಂಪಮ್ಮ ಎಂಬ ಅಜ್ಜಿ, ಕಾವೇರಿ ನಾಲೆಯ ಕೆಳಗೆ ಭತ್ತ ಬೆಳೆಯುವ ಮನೆಯವರು, ಇವರ ಅಂಗಡಿಯ ಹಳೇ ಗಿರಾಕಿ. ಅಜ್ಜಿ ಮಧ್ಯಾಹ್ನವೆಲ್ಲ ಮಾತಾಡಿದರಂತೆ. ಮದುವೆಯಾಗಿ ಗಂಡನ ಮನೆಗೆ ಹೊರಟಾಗ ದಿಬ್ಬಣ ಹರಗೋಲಿನಲ್ಲಿ ಹೊಳೆ ದಾಟಿದ್ದು, ಹರಗೋಲು ನಡುನೀರಿನಲ್ಲಿ ಗಿರಗಿರ ತಿರುಗಿದ್ದು, ಕಜ್ಜಾಯದ ಕುಕ್ಕೆ ನೀರಿಗೆ ಬಿದ್ದದ್ದು.

ರುಕ್ಸಾನಾ ಅದೆಲ್ಲವನ್ನೂ ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಬಂದಳು. ಅಕ್ಷರಕ್ಕೆ ಇಳಿಸಲು ಮತ್ತು ಬರಹದ ಕನ್ನಡಕ್ಕೆ ತಿದ್ದಲು ಎಐಗೆ ಕೊಟ್ಟಳು. ಕಳಿಸಿದ ಧ್ವನಿಯನ್ನು ತನ್ನ ಬಳಿ ಉಳಿಸಿಕೊಳ್ಳದ ಒಂದು ಎಐಯನ್ನು ಹುಡುಕಿ ಕೊಟ್ಟವನೂ ನಾನೇ. ಅದು ಕೊಟ್ಟ ಬರಹವನ್ನು ನಾನು ಓದಿದೆ. ಒಂದು ಕಾಗುಣಿತ ತಪ್ಪಿಲ್ಲ. ಕಜ್ಜಾಯ ಮುಳುಗಿದ ಭಾಗ ಹೀಗಿತ್ತು: 'ಆ ಸಂದರ್ಭದಲ್ಲಿ ನನ್ನ ಅತ್ತೆಯವರು ಸಿಹಿ ತಿನಿಸಿನ ನಷ್ಟದ ಬಗ್ಗೆ ತೀವ್ರ ಕಳವಳ ವ್ಯಕ್ತಪಡಿಸಿದರು.' ನನಗೆ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ಇಷ್ಟು ವರ್ಷ ಕೆಂಪು ಪೆನ್ನು ಹಿಡಿದು ನಾನೂ ಮಕ್ಕಳ ಮಾತನ್ನು ಇದೇ ದಾರಿಗೆ ತಂದವನು. ಅವಳು ಮಾತ್ರ ಮೇಜಿನ ಪಕ್ಕ ನಿಂತು, ಅಜ್ಜಿ ಹೀಗೆ ಮಾತಾಡಲಿಲ್ಲ ಸಾರ್ ಎಂದು ಮೆಲ್ಲಗೆ ಹೇಳಿದಳು. ಅಚ್ಚಿಗೆ ಅಚ್ಚಿನದೇ ಒಂದು ಮರ್ಯಾದೆ ಇರುತ್ತದೆ ಕಣಮ್ಮ ಎಂದು ನಾನು ವಿವರಿಸಿದೆ. ಮರ್ಯಾದೆ ಎಂಬ ಪದ ನನಗೆ ಸರಿಯಾದ ಸಮಯಕ್ಕೆ ಒದಗಿ ಬರುತ್ತದೆ. ವರದಿ ನಮ್ಮ ವಿಭಾಗದ ಪತ್ರಿಕೆಯಲ್ಲಿ ಬಂತು, ಕೆಳಗೆ ಎಐ ಬಳಸಿದ ವಿವರ ಸಣ್ಣಕ್ಷರದಲ್ಲಿ. ಧ್ವನಿಮುದ್ರಣ ಅಳಿಸಿದೆಯಾ ಎಂದು ಕೇಳಿದೆ. ಅವಳು ಫೋನು ತೆಗೆದು ತೋರಿಸಿದಳು. ಕಸದ ಬುಟ್ಟಿಯಿಂದಲೂ ಅಳಿಸಿದ್ದಳು. ತರಗತಿಯ ಮುಂದೆ ಅವಳನ್ನು ನಿಲ್ಲಿಸಿ, ಜವಾಬ್ದಾರಿ ಎಂದರೆ ಹೀಗಿರಬೇಕು ಎಂದೆ. ಹುಡುಗರು ಚಪ್ಪಾಳೆ ತಟ್ಟಿದರು. ಕೋಟೆಯ ಗೋಡೆಯ ಹುಡುಗ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಕೆಲವು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ನಾನು ಪಾಠ ಮುಗಿಸಿ ಬಂದಾಗ ವಿಭಾಗದ ಬಾಗಿಲಲ್ಲಿ ಒಬ್ಬರು ನಿಂತಿದ್ದರು. ಬಿಳಿ ಅಂಗಿ, ಹೆಗಲ ಮೇಲೆ ಟವೆಲು, ಕೈಯಲ್ಲಿ ಮಡಚಿದ ನಮ್ಮ ಪತ್ರಿಕೆ. ಚರಂಡಿಯ ಸುದ್ದಿ ಇರಬಹುದು ಎಂದುಕೊಂಡು ಕುರ್ಚಿ ಕೊಟ್ಟೆ. ಅವರು ಕೆಂಪಮ್ಮನ ಮಗ ರಾಮೇಗೌಡರು. ಕುಳಿತು, ಬಂದ ವಿಷಯ ಹೇಳಿದರು. ಅವ್ವನಿಗೆ ಲಕ್ವ ಹೊಡೆದಿದೆ. ಜೀವಕ್ಕೆ ಅಪಾಯವಿಲ್ಲ, ಊಟ ಮಾಡುತ್ತಾರೆ, ಎಲ್ಲರನ್ನೂ ಗುರುತು ಹಿಡಿಯುತ್ತಾರೆ, ಎಡಗೈ ಆಡುತ್ತದೆ. ಮಾತು ಮಾತ್ರ ಹೋಗಿದೆ. ಇನ್ನು ಬರುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ.

"ನಮ್ ಮನೇಲಿ ಬೆಳಗಾಯ್ತು ಅಂದ್ರೆ ಅವ್ವನ್ ಮಾತೇ ಸಾ. ಸಾಕ್ ಸುಮ್ಕಿರವ್ವ ಅಂತ ನಾನೇ ಬೈತಿದ್ದೆ," ಅಂದರು. "ಈಗ ಮನೆ ಬಣ ಬಣ ಅಂತದೆ. ಆ ಹುಡ್ಗಿ ಬಂದು ಫೋನಲ್ಲಿ ಇಡ್ಕಂಡೋದ್ಲಂತಲ್ಲ. ಒಂದಪ ಕೇಳ್ಸಿ ಸಾ, ನನ್ ಫೋನಿಗೆ ಆಕ್ಕೊಡಿ."

ಅವರ ಮನೆಯಲ್ಲಿ ಯಾರೂ ಅವ್ವನ ಮಾತನ್ನು ಹಿಡಿದಿಟ್ಟಿರಲಿಲ್ಲ. ದಿನಾ ಕೇಳುವ ಮಾತನ್ನು ಯಾರು ತಾನೇ ಹಿಡಿದಿಡುತ್ತಾರೆ? ಫೋಟೋಗಳು ಬೇಕಾದಷ್ಟಿದ್ದವು. ಒಂದು ಮದುವೆಯ ವಿಡಿಯೋದಲ್ಲಿ ಅಜ್ಜಿ ಯಾರಿಗೋ ಕೈ ಬೀಸಿ ಏನೋ ಹೇಳುತ್ತಿರುವುದು ಕಾಣುತ್ತದಂತೆ. ಅದರ ಮೇಲೆ ವಿಡಿಯೋದವನು ಹಾಡು ಹಾಕಿಬಿಟ್ಟಿದ್ದಾನೆ.

ನಾನು ಅವರಿಗೆ ನಿಯಮವನ್ನು ವಿವರಿಸಿದೆ. ಗೋಡೆಯ ಮೇಲಿದ್ದ ಕೆಂಪು ಅಕ್ಷರಗಳನ್ನು ತೋರಿಸಿದೆ. ಧ್ವನಿ ಕಳ್ಳತನವಾಗುತ್ತದೆ, ಅದಕ್ಕೇ ಅಳಿಸಿಸಿದ್ದು ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಆ ಕಾರ್ಯಾಗಾರದ ಭಾಷಣಕಾರರ ದನಿಯ ಹಾಗೆ ಕೇಳಿಸತೊಡಗಿತು. ರಾಮೇಗೌಡರು ಜಗಳವಾಡುವ ಮನುಷ್ಯರಲ್ಲ. ಪೂರ್ತಿ ಕೇಳಿಸಿಕೊಂಡು, ಗೋಡೆಯನ್ನೂ ಒಮ್ಮೆ ನೋಡಿ, "ನಮ್ಮವ್ವನ್ ಮಾತ ಯಾರ್ ಕದ್ದಾರು ಸಾ?" ಅಂದರು. ಕದ್ದವರು ಯಾರು ಎಂಬುದು ಅಷ್ಟು ಹೊತ್ತಿಗೆ ನನಗೆ ಚೆನ್ನಾಗಿ ಗೊತ್ತಾಗಿತ್ತು. ಅವರು ಪತ್ರಿಕೆಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಮಗಳ ಕೈಲಿ ಓದಿಸಿ ಕೇಳಿದರಂತೆ. ಯಾರೋ ತಹಸೀಲ್ದಾರರ ಹೆಂಡತಿ ಮಾತಾಡಿದ ಹಾಗಿದೆ, ಅವ್ವ ಇದರಲ್ಲಿ ಎಲ್ಲೂ ಸಿಗಲಿಲ್ಲ ಎಂದರು. ಬೈಗುಳವಲ್ಲ, ಹುಡುಕಿ ಸಿಗದವರು ಹೇಳುವ ರೀತಿಯಲ್ಲಿ ಹೇಳಿದರು. ಆಮೇಲೆ, ಈಗೇನೋ ಯಂತ್ರ ಇದೆಯಂತಲ್ಲ, ಅದರಿಂದಲೇ ಅವ್ವನ ದನಿ ಮಾಡಿಸಬಹುದಾ ಎಂದು ಕೇಳಿದರು. ಅದಕ್ಕೂ ನಿಜವಾದ ದನಿಯ ಒಂದು ತುಣುಕಾದರೂ ಬೇಕು. ಅದನ್ನೇ ನಾವು ಅಳಿಸಿದ್ದೆವು. ಒಂದು ವೇಳೆ ದನಿ ಮಾಡಿದರೂ ಅದು ಏನನ್ನು ಹೇಳೀತು? ಕೆಂಪಮ್ಮನ ಗಂಟಲಿನಿಂದ 'ತೀವ್ರ ಕಳವಳ' ಹೊರಬರುವುದನ್ನು ನೆನೆಸಿಕೊಂಡೆ. ಆಗುವುದಿಲ್ಲ ಗೌಡರೇ ಎಂದೆ.

ರುಕ್ಸಾನಾಳಿಗೆ ಹೇಳಿ ಕಳಿಸಿದೆ. ಬಂದವಳು ವಿಷಯ ಕೇಳಿ ಬಿಳಿಚಿಕೊಂಡಳು. ಸಾರ್ ಹೇಳಿದ್ದಕ್ಕೇ ಅಳಿಸಿದೆ ಎಂದು ಅವಳು ಹೇಳಬಹುದಿತ್ತು. ಹೇಳಲಿ ಎಂದೇ ನಾನು ಕಾಯುತ್ತಿದ್ದೆ; ಅಷ್ಟಾದರೂ ನ್ಯಾಯ ಆಗುತ್ತಿತ್ತು. ಅವಳು ರಾಮೇಗೌಡರ ಕಡೆ ತಿರುಗಿ, "ತಪ್ಪಾಯ್ತು ಕಣಣ್ಣ" ಎಂದಳು, ಅಷ್ಟೇ. ಗೌಡರನ್ನೂ ಕರೆದುಕೊಂಡು ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ ಫೋನು ಕೊಟ್ಟೆವು. ಅಂಗಡಿಯವನು ಕೇಬಲ್ ಸಿಕ್ಕಿಸಿ ಬಹಳ ಹೊತ್ತು ಹುಡುಕಿದ. ಇಷ್ಟು ಚೊಕ್ಕವಾಗಿ ಅಳಿಸಿದವರನ್ನು ತಾನು ನೋಡೇ ಇಲ್ಲ ಎಂದು ಮೆಚ್ಚಿಕೊಂಡ. ನನ್ನ ಪಾಠಕ್ಕೆ ಸಿಕ್ಕ ಅತ್ಯುತ್ತಮ ಪ್ರಶಂಸೆ ಅದು. ಅಂಗಡಿಯ ಹೊರಗೆ ನಿಂತಿದ್ದ ರಾಮೇಗೌಡರು ನಮ್ಮ ಮುಖ ನೋಡಿಯೇ ತಿಳಿದುಕೊಂಡರು. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟವರನ್ನು ರುಕ್ಸಾನಾ ನಿಲ್ಲಿಸಿದಳು. "ಅಣ್ಣ, ಅಜ್ಜಿ ಏನೇನ್ ಹೇಳಿದ್ರು ಅಂತ ನಂಗೆ ನೆನಪೈತೆ. ನಾನ್ ಬಂದು ಹೇಳ್ಲಾ?" ಅಂದಳು. ಅವರು, "ಬಾವ್ವ" ಅಂದರು.

ಭಾನುವಾರ ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ಚುಂಚನಕಟ್ಟೆಗೆ ಹೋದೆವು: ರುಕ್ಸಾನಾ, ಅವಳ ತಾಯಿ, ನಾನು. ಅವಳ ತಂದೆ ಅಜ್ಜಿಗೆಂದು ಬೂರುಗದ ಹತ್ತಿಯ ದಿಂಬು ಹೊಲಿದು ಕೊಟ್ಟಿದ್ದರು. ನಾನು ಕಿತ್ತಳೆ ಹಣ್ಣು ತೆಗೆದುಕೊಂಡಿದ್ದೆ. ಕೆಂಪಮ್ಮ ಜಗಲಿಯ ಮಂಚದ ಮೇಲೆ ಒರಗಿ ಕುಳಿತಿದ್ದರು. ಮುಖದ ಒಂದು ಬದಿ ಜೋತಿತ್ತು. ಇನ್ನೊಂದು ಬದಿಯ ಕಣ್ಣು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ಅಳೆಯಿತು. ರುಕ್ಸಾನಾ ದಿಂಬನ್ನು ಅವರ ಬೆನ್ನಿಗೆ ಕೊಟ್ಟು, ಮಂಚದ ತುದಿಯಲ್ಲಿ ಕುಳಿತು, ಅವರದೇ ಕಥೆಯನ್ನು ಅವರಿಗೇ ಹೇಳಲು ಶುರು ಮಾಡಿದಳು. ಮೊದಮೊದಲು ನಾಚಿಕೆ. ಹರಗೋಲು ಹೊಳೆಯ ನಡುವೆ ಬರುವ ಹೊತ್ತಿಗೆ ಅವಳು ನಮ್ಮ ಕಾಲೇಜಿನ ಹುಡುಗಿಯಾಗಿ ಉಳಿದಿರಲಿಲ್ಲ.

"ಅರ್ಗೋಲು ಗಿರ್ರಂತ ತಿರುಗ್ತು ಕಣವ್ವ. ನಾನು ಮದುವಣಗಿತ್ತಿ, ಬಲಗಡೆ ಕೂತಿವ್ನಿ. ನಮ್ಮತ್ತೆ ನನ್ ರಟ್ಟೆ ಇಡ್ಕಳದ ಬುಟ್ಟು ಕಜ್ಜಾಯದ್ ಕುಕ್ಕೆ ಇಡ್ಕಳಕೋದ್ರು..."

ಕೆಂಪಮ್ಮನ ಎಡಗೈ ಮೇಲೆದ್ದಿತು. ರುಕ್ಸಾನಾ ಕಥೆ ನಿಲ್ಲಿಸಿ ನೋಡಿದಳು. ಆ ಕೈ ಗಾಳಿಯಲ್ಲಿ ಬಲಕ್ಕಲ್ಲ, ಎಡಕ್ಕೆ ಎರಡು ಸಲ ಬೀಸಿತು. ತಪ್ಪು ತಿದ್ದಿಕೊಂಡು ಅವಳು ಮುಂದುವರಿಸಿದಳು. "ಆಯ್ತವ್ವ, ಎಡಗಡೆ ಕೂತಿವ್ನಿ. ಕುಕ್ಕೆ ಮುಳ್ಗೇ ಓಯ್ತು. ನಮ್ಮತ್ತೆ ತಲೆ ಮೇಲೆ ಕೈ ಒತ್ಕಂಡು, ಅಯ್ಯೋ, ಸೊಸೆ ಓಗಿದ್ರೆ ಇನ್ನೊಬ್ಳು ಬರೋಳು, ಈ ಪಾಕ ಇನ್ನೊಂದಪ ಬರಾಕಿಲ್ವಲ್ಲಪ್ಪ ಅಂತ ಅತ್ರು. ಅವತ್ತೇ ಗೊತ್ತಾಯ್ತು ಕಣವ್ವ, ಈ ಮನೇಲಿ ನಾನ್ ಕಜ್ಜಾಯಕ್ಕಿಂತ ಒಂದ್ ಕೈ ಕಮ್ಮಿ ಅಂತ."

ಕೆಂಪಮ್ಮ ನಕ್ಕರು. ಅರ್ಧ ಬಾಯಿಯಲ್ಲಿ, ಸದ್ದಿಲ್ಲದೆ, ಮಂಚ ಅಲುಗುವ ಹಾಗೆ ನಕ್ಕರು. ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗು ಬಾಯಿಗಿಟ್ಟುಕೊಂಡರು. ರಾಮೇಗೌಡರು ನಗುತ್ತಲೇ ಟವೆಲಿನಿಂದ ಮುಖ ಒರೆಸಿಕೊಂಡರು, ಆಮೇಲೆ ಟವೆಲನ್ನು ತೆಗೆಯಲೇ ಇಲ್ಲ. ನಾನು ಸಂಪಾದಿಸಿ ಅಚ್ಚು ಹಾಕಿಸಿದ ಕಥೆಯನ್ನು ನಾನು ಆವತ್ತು ಮೊದಲ ಸಲ ಕೇಳಿದೆ.

ಅಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಸೊಸೆ ಉಪಚಾರಕ್ಕೆಂದು, ಮೇಷ್ಟ್ರೂ ಪೇಪರಿನಲ್ಲಿ ಬರೆದಿದ್ದಾರಂತೆ, ಅದನ್ನೂ ಓದಲಿ ಎಂದರು. ಬೇಡ ಎನ್ನಬೇಕೆಂದು ನನಗೆ ತಿಳಿಯಿತು. ಆದರೆ ಓದಿ ಎಂದರೆ ಎದ್ದು ನಿಲ್ಲುವ ಅಭ್ಯಾಸ ನನ್ನ ಕಾಲಿಗಿದೆ. ನಿಂತು, ಗಂಟಲು ಸರಿಮಾಡಿಕೊಂಡು ಓದಿದೆ. 'ಕಳವಳ'ಕ್ಕೆ ಬರುವಷ್ಟರಲ್ಲಿ ಕೆಂಪಮ್ಮ ಕಣ್ಣು ಮುಚ್ಚಿದ್ದರು. ಸೊಸೆ ನನ್ನನ್ನು ಸಮಾಧಾನಪಡಿಸುವಂತೆ, ಅವ್ವನಿಗೆ ಈ ಹೊತ್ತಿಗೆ ನಿದ್ದೆಯ ಮಾತ್ರೆ ಕೊಟ್ಟಿರುತ್ತೇವೆ ಸಾರ್ ಅಂದರು. ಒಳ್ಳೆಯ ಜನ. ನಾನು ಕುಳಿತು ಕಾಫಿ ಕುಡಿದೆ.

ಬರುವಾಗ ಬಸ್ಸಿನಲ್ಲಿ ರುಕ್ಸಾನಾಳನ್ನು ಹೊಗಳಿದೆ. ಅವಳು ಕಿಟಕಿಯಾಚೆ ಗದ್ದೆ ನೋಡುತ್ತಿದ್ದಳು. "ನಾನ್ ಹೇಳಿದ್ದು ಅಜ್ಜಿ ದನಿ ಅಲ್ಲ ಸಾರ್," ಅಂದಳು. "ಆ ಅಣ್ಣ ಕೇಳಿದ್ದು ದನಿ." ಹೌದು. ಅದು ಹೋಯಿತು. ಯಾವ ಅಂಗಡಿಯವನೂ, ಯಾವ ಯಂತ್ರವೂ, ಇಷ್ಟು ಪ್ರೀತಿಯ ಹುಡುಗಿಯೂ ಅದನ್ನು ವಾಪಸು ತರಲಾರರು. ನಿಯಮ ಕೆಟ್ಟದ್ದೆಂದು ನಾನು ಈಗಲೂ ಹೇಳುವುದಿಲ್ಲ. ಕಳ್ಳರಿದ್ದಾರೆ, ನಿಜ. ಆದರೆ ಆ ದನಿ ಯಾರದೋ ಅವರನ್ನೇ, ಇದನ್ನು ಅಳಿಸಲೋ, ನಿಮಗೇ ಕೊಡಲೋ ಎಂದು ಒಂದು ಮಾತು ಕೇಳಬೇಕು ಎಂಬುದು ಆ ಕಾರ್ಯಾಗಾರದಲ್ಲಿ ಯಾರಿಗೂ ಹೊಳೆಯಲಿಲ್ಲ, ಹೋಗಿ ನೋಡಿ ಕೇಳಿ ಎಂದು ಊರಿಗೆಲ್ಲ ಪಾಠ ಹೇಳುವ ನನಗೂ ಹೊಳೆಯಲಿಲ್ಲ. ಈಗ ಹಾಗೆಂದು ತಿದ್ದಿ ಬರೆದಿದ್ದೇನೆ. ಜೊತೆಗೆ, ಜನ ಆಡಿದ ಮಾತನ್ನು ಎಐಯೂ ತಿದ್ದಬಾರದು, ಮೇಷ್ಟ್ರೂ ತಿದ್ದಬಾರದು ಎಂದು ಸೇರಿಸಿದ್ದೇನೆ. ಹುಡುಗರು 'ಮೇಷ್ಟ್ರೂ ತಿದ್ದಬಾರದು' ಎಂಬ ಭಾಗವನ್ನು ಮಾತ್ರ ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ.

ಮುಂದಿನ ವಾರ ರಾಮೇಗೌಡರು ಫೋನು ಮಾಡಿದರು. ಹುಡುಗಿ ಬಂದು ಹೋದಾಗಿನಿಂದ ಅವ್ವ ಬಾಗಿಲ ಕಡೆಯೇ ನೋಡುತ್ತಾರಂತೆ. "ಆ ಮಗೀನ ಇನ್ನೊಂದಪ ಕಳ್ಸ್‌ಕೊಡಿ ಸಾ," ಅಂದರು. ಅಯ್ಯೋ ಅದಕ್ಕೇನಂತೆ, ಭಾನುವಾರವೇ ಬರುತ್ತೇವೆ ಎಂದೆ. ಅವರು ಬಹಳ ಮೃದುವಾಗಿ, "ನೀವ್ಯಾಕ್ ತೊಂದ್ರೆ ತಕತೀರಿ ಸಾ. ನಿಮ್ಗೆ ಕಾಲೇಜ್ ಕೆಲ್ಸ ಇರ್ತದೆ" ಅಂದರು.

ಅವಳು ಆಗಾಗ ಹೋಗಿ ಬರುತ್ತಿದ್ದಾಳೆ. ನನಗೆ ಕಾಲೇಜಿನಲ್ಲಿ ಕೆಲಸ ಇರುತ್ತದೆ.